ಕಾಲವನ್ನು ಕಾಯುವ ಆಟ: ‘ದಿ ಜರ್ನಿಮ್ಯಾನ್ ಪ್ರಾಜೆಕ್ಟ್’ ಮತ್ತು ಅದರ ಮರುನಿರ್ಮಾಣ

ಮಕ್ಕಳ ಕೈಗೆ ಮೊಬೈಲು ಬಂದ ಮೇಲೆ ಕಂಪ್ಯೂಟರ್ ಆಟದ ಮಾತು ನಮ್ಮ ಮನೆಗಳಲ್ಲಿ ಹೆಚ್ಚಾಗಿ ದೂರಿನ ರೂಪದಲ್ಲಿಯೇ ಕೇಳಿಬರುತ್ತದೆ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಪುಸ್ತಕಗಳೂ ಹೇಗೆ ಒಂದೇ ತೆರನಲ್ಲವೋ ಹಾಗೆಯೇ ಎಲ್ಲ ಆಟಗಳೂ ಒಂದೇ ತೆರನಲ್ಲ. ಆಡುವವರ ಓದನ್ನೂ ತಾಳ್ಮೆಯನ್ನೂ ವಿವೇಚನೆಯನ್ನೂ ನಂಬಿ ಕಟ್ಟಿದ ಆಟಗಳು ಕೆಲವಿವೆ. ಅಂಥವುಗಳಲ್ಲಿ ಒಂದು, 1993ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಪ್ರೆಸ್ಟೊ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ಹೊರತಂದ ‘ದಿ ಜರ್ನಿಮ್ಯಾನ್ ಪ್ರಾಜೆಕ್ಟ್’. ನಾಲ್ಕು ವರ್ಷಗಳ ಬಳಿಕ, 1997ರಲ್ಲಿ, ಅದೇ ಸಂಸ್ಥೆ ಅದೇ ಕಥೆಯನ್ನು ಬುಡದಿಂದ ಮತ್ತೆ ಕಟ್ಟಿ ‘ಪೆಗಾಸಸ್ ಪ್ರೈಮ್’ ಎಂಬ ಹೆಸರಿನಲ್ಲಿ ಪ್ರಕಟಿಸಿತು.

ಈ ಎರಡು ಆಟಗಳ ಪರಿಚಯವನ್ನು ಕನ್ನಡ ಮಾಧ್ಯಮದ ಮಕ್ಕಳಿಗೂ ಅವರ ಪೋಷಕರಿಗೂ ಮಾಡಿಕೊಡುವುದು ಈ ಲೇಖನದ ಉದ್ದೇಶ. ಇದರಲ್ಲಿ ಕಾಲಯಾನದ ಕಥೆಯೊಂದಿದೆ. ಆ ಕಥೆಯನ್ನು ಹೇಳಿದ ಆಟವೇ ಕಾಲದ ಕೈಗೆ ಸಿಕ್ಕಿ ಅಳಿಯುವ ಅಂಚಿಗೆ ಹೋಗಿ ಉಳಿದು ಬಂದ ಇನ್ನೊಂದು ಕಥೆಯೂ ಇದೆ. ಎರಡನೆಯದು ನಮ್ಮ ಶಾಲೆಗಳ ಕಪಾಟುಗಳಿಗೂ ಕಂಪ್ಯೂಟರುಗಳಿಗೂ ನೇರವಾಗಿ ಸಂಬಂಧಿಸಿದ್ದು.

ಸಾಹಸದ ಆಟವೆಂದರೇನು?

ಆಂಗ್ಲದಲ್ಲಿ ‘ಅಡ್ವೆಂಚರ್ ಗೇಮ್’ ಎಂದು ಕರೆಯುವ ಬಗೆಯ ಆಟದಲ್ಲಿ ಬೆರಳಿನ ಚುರುಕಿಗಿಂತ ಬುದ್ಧಿಯ ಚುರುಕಿಗೆ ಬೆಲೆ. ಪರದೆಯ ಮೇಲೆ ಒಂದು ಸ್ಥಳ ಕಾಣುತ್ತದೆ. ಆಡುವವನು ಅಲ್ಲಿ ಸುತ್ತಾಡುತ್ತಾನೆ, ಬಾಗಿಲು ತೆರೆಯುತ್ತಾನೆ, ಕಡತ ಓದುತ್ತಾನೆ, ಸಿಕ್ಕಿದ ವಸ್ತುವನ್ನು ಜೊತೆಗಿಟ್ಟುಕೊಳ್ಳುತ್ತಾನೆ. ಮುಂದೆಲ್ಲೋ ಎದುರಾಗುವ ಒಗಟಿಗೆ ಹಿಂದೆಲ್ಲೋ ಓದಿದ ಒಂದು ಸಾಲೇ ಉತ್ತರವಾಗುತ್ತದೆ. ನಮ್ಮ ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜಕುಮಾರನು ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವುದನ್ನು ಕೇಳಿ ತಿಳಿದು, ಸುಳುಹು ಹಿಡಿದು ಹೋಗುತ್ತಾನಷ್ಟೆ. ಈ ಆಟಗಳ ನಡೆಯೂ ಅದೇ. ಇಲ್ಲಿ ರಾಜಕುಮಾರನ ಬದಲು ಆಡುವವನೇ ಹೋಗಬೇಕು ಎಂಬುದು ವ್ಯತ್ಯಾಸ.

ಕಾಲದಲ್ಲಿ ಪಯಣಿಸುವ ಕಲ್ಪನೆಯೂ ನಮಗೆ ತೀರ ಹೊಸದಲ್ಲ. ಭಾಗವತದಲ್ಲಿ ಕಕುದ್ಮಿಯೆಂಬ ದೊರೆ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸ್ವಲ್ಪ ಹೊತ್ತು ಕಾದು ಮರಳುವಷ್ಟರಲ್ಲಿ ಭೂಮಿಯಲ್ಲಿ ಅನೇಕ ಯುಗಗಳು ಸಂದಿರುತ್ತವೆ. ಅವನು ಮನಸ್ಸಿನಲ್ಲಿ ಎಣಿಸಿಕೊಂಡಿದ್ದ ವರರಾರೂ ಉಳಿದಿರುವುದಿಲ್ಲ. ರೇವತಿ ಕೊನೆಗೆ ಬಲರಾಮನ ಕೈಹಿಡಿಯುತ್ತಾಳೆ. ಆದರೆ ಕಕುದ್ಮಿಗೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಯಂತ್ರವೊಂದನ್ನೇರಿ ಬೇಕೆಂದ ಕಾಲಕ್ಕೆ ಹೋಗಿಬರುವ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಕೃತಿ, 1895ರಲ್ಲಿ ಪ್ರಕಟವಾದ ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ ಕಾದಂಬರಿ. ಹಿಂದಕ್ಕೆ ಹೋಗುವುದು ಸಾಧ್ಯವಾದೊಡನೆ ಒಂದು ಭಯಂಕರ ಪ್ರಶ್ನೆಯೂ ಹುಟ್ಟುತ್ತದೆ. ಆಗಿಹೋದದ್ದನ್ನು ಯಾರಾದರೂ ತಿದ್ದಿಬಿಟ್ಟರೆ? ನಮ್ಮ ಆಟ ಆರಂಭವಾಗುವುದು ಈ ಪ್ರಶ್ನೆಯಿಂದ.

ಕಥೆಯ ತಿರುಳು

ಕಥೆ ನಡೆಯುವುದು 2318ನೆಯ ಇಸವಿಯಲ್ಲಿ. ಯುದ್ಧಗಳಿಂದ ಬಳಲಿದ ಮಾನವಕುಲವು ಕೊನೆಗೂ ಒಂದಾಗಿ ನೆಮ್ಮದಿಯಿಂದಿದೆ. ಕಾಲ್ಡೋರಿಯಾ ಎಂಬ ನಗರವು ಆಕಾಶದಲ್ಲಿ ತೇಲುತ್ತಿದೆ. ಹತ್ತು ವರ್ಷಗಳ ಹಿಂದೆ ಸೈರೋಲನ್ನರೆಂಬ ಅನ್ಯಲೋಕದ ಜೀವಿಗಳು ಬಂದು, ಶಾಂತಿಪ್ರಿಯ ಜೀವಿಗಳ ಒಕ್ಕೂಟವೊಂದಕ್ಕೆ ಸೇರುವಂತೆ ಮನುಷ್ಯರನ್ನು ಆಹ್ವಾನಿಸಿ, ಉತ್ತರಕ್ಕಾಗಿ ಹತ್ತು ವರ್ಷಗಳ ಬಳಿಕ ಮರಳುವುದಾಗಿ ಹೇಳಿ ಹೋಗಿದ್ದಾರೆ. ಅವರು ಮರಳುವ ದಿನವೇ ಆಟದ ಮೊದಲ ದಿನ.

ಈ ನಡುವೆ ಮನುಷ್ಯರು ಪೆಗಾಸಸ್ ಎಂಬ ಕಾಲಯಂತ್ರವನ್ನು ಕಟ್ಟಿದ್ದಾರೆ. ಇದರ ದುರುಪಯೋಗವಾದರೆ ಚರಿತ್ರೆಯೇ ಕೆಟ್ಟುಹೋದೀತೆಂಬ ಭಯದಿಂದ ಅದನ್ನು ಗುಟ್ಟಾಗಿರಿಸಿ, ಕಾವಲಿಗೆ ಒಂದು ಪಡೆಯನ್ನೂ ನೇಮಿಸಿದ್ದಾರೆ. ಆಡುವವನು ಆ ಪಡೆಯ ಒಬ್ಬ ಕಾವಲುಗಾರ. ಅನ್ಯಲೋಕದವರು ಬರುವ ಹೊತ್ತಿಗೆ ಸರಿಯಾಗಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಹಿಂದಿನ ಕಾಲದಲ್ಲಿ ಯಾರೋ ಏನನ್ನೋ ಬದಲಿಸಿದ್ದಾರೆ. ಕೆರೆಗೆ ಕಲ್ಲೆಸೆದಾಗ ಅಲೆ ದಡಕ್ಕೆ ಬರಲು ತುಸು ಹೊತ್ತು ಹಿಡಿಯುವಂತೆ, ಆ ಬದಲಾವಣೆಯ ಅಲೆ ವರ್ತಮಾನವನ್ನು ಮುಟ್ಟಲು ಕೆಲವೇ ಗಳಿಗೆಗಳಿವೆ. ಮುಟ್ಟಿದರೆ ಈಗಿರುವ ಲೋಕವೂ ಇಲ್ಲ, ಅದರ ನೆನಪೂ ಇಲ್ಲ. ಅಷ್ಟರೊಳಗೆ ಕಾಲಯಂತ್ರವನ್ನೇರಿ ಹೊರಡಬೇಕು.

ಎಲ್ಲಿಗೆ? ಕಥೆಯ ಅತ್ಯಂತ ಸೊಗಸಾದ ಉಪಾಯ ಇಲ್ಲಿದೆ. ಮನುಷ್ಯನ ಸುಳಿವೇ ಇಲ್ಲದ 20 ಕೋಟಿ ವರ್ಷಗಳ ಹಿಂದಿನ ಭೂಮಿಯಲ್ಲಿ, ಇಡೀ ಮಾನವ ಚರಿತ್ರೆಯ ದಾಖಲೆಯನ್ನು ತುಂಬಿದ ಒಂದು ತಟ್ಟೆಯನ್ನು ಆ ಪಡೆ ಮೊದಲೇ ಇಟ್ಟಿರುತ್ತದೆ. ಚರಿತ್ರೆಯನ್ನು ತಿದ್ದುವವರು ಮನುಷ್ಯರ ಕಾಲದಲ್ಲಿ ತಿದ್ದುತ್ತಾರೆ. ಆ ಅಲೆ ಮುಂದಕ್ಕೆ ಹರಿಯುತ್ತದೆಯೇ ಹೊರತು ಹಿಂದಕ್ಕಲ್ಲ. ಆದ್ದರಿಂದ ಅಷ್ಟು ಹಿಂದೆ ಇಟ್ಟ ದಾಖಲೆ ಮಾತ್ರ ತಿದ್ದುಪಡಿಗೆ ಸಿಗದೆ ಶುದ್ಧವಾಗಿ ಉಳಿದಿರುತ್ತದೆ. ಕಾವಲುಗಾರನು ಅದನ್ನು ತಂದು, ಬದಲಾಗಿಹೋದ ವರ್ತಮಾನದ ದಾಖಲೆಯೊಡನೆ ಹೋಲಿಸಿ ನೋಡುತ್ತಾನೆ. ಎರಡೂ ಎಲ್ಲಿ ಭಿನ್ನವಾಗಿವೆಯೋ ಅಲ್ಲಿಯೇ ಕೈಚಳಕ ನಡೆದಿದೆ.

ಕನ್ನಡದ ಗ್ರಂಥಸಂಪಾದನೆಯ ಪರಿಚಯವಿರುವ ಓದುಗರಿಗೆ ಈ ಕೆಲಸ ಎಲ್ಲೋ ಕಂಡದ್ದೆನಿಸೀತು. ಒಂದೇ ಕಾವ್ಯದ ಹಲವು ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪಾಠಾಂತರಗಳನ್ನು ಗುರುತಿಸಿ, ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ನಿರ್ಣಯಿಸುವ ವಿದ್ವಾಂಸರು ಮಾಡುವುದೂ ಇದನ್ನೇ. ಆಟದ ನಾಯಕನ ಮೊದಲ ಆಯುಧ ಬಂದೂಕಲ್ಲ, ಒಂದು ನಂಬಲರ್ಹ ಪ್ರತಿ.

ಹೋಲಿಸಿದಾಗ ಮೂರು ಕಡೆ ಚರಿತ್ರೆ ಹರಿದಿರುವುದು ತಿಳಿಯುತ್ತದೆ. 2112ರಲ್ಲಿ ಸಮುದ್ರದಡಿಯ ಒಂದು ಸೇನಾನೆಲೆ, 2185ರಲ್ಲಿ ಮಂಗಳಗ್ರಹದ ಒಂದು ವಸಾಹತು, 2310ರಲ್ಲಿ ಒಂದು ವಿಜ್ಞಾನ ಕೇಂದ್ರ. ಮೂರೂ ಕಡೆಗೆ ಯಾರೋ ಒಬ್ಬೊಬ್ಬ ಯಂತ್ರಮಾನವನನ್ನು ಕಳುಹಿಸಿದ್ದಾರೆ. ಒಂದೆಡೆ ಅಣ್ವಸ್ತ್ರದ ಅಪಾಯ, ಒಂದೆಡೆ ವಸಾಹತಿನ ನಾಶ, ಇನ್ನೊಂದೆಡೆ ಅನ್ಯಲೋಕದವರ ಸ್ನೇಹದ ಪರವಾಗಿ ಮಾತನಾಡಬೇಕಾಗಿದ್ದ ವಿಜ್ಞಾನಿಯೊಬ್ಬನ ಪ್ರಾಣಕ್ಕೆ ಕುತ್ತು. ಮೂರರ ಗುರಿಯೂ ಒಂದೇ: ಮನುಷ್ಯರೂ ಹೊರಗಿನವರೂ ಕೈಜೋಡಿಸುವ ಆ ದಿನ ಬರಲೇಬಾರದು. ಇದರ ಹಿಂದಿರುವವರು ಯಾರೆಂಬುದನ್ನು ಆಡುವವರಿಗೇ ಬಿಡುತ್ತೇವೆ. ಅಪರಾಧದ ಬೇರು ಹಣದಾಸೆಯಲ್ಲಿಲ್ಲ, ಅನ್ಯರ ಬಗೆಗಿನ ಭಯದಲ್ಲಿದೆ ಎಂಬುದನ್ನಷ್ಟು ಹೇಳಬಹುದು. ನಾಲ್ಕು ಭಾಷೆಗಳ ನಡುವೆ ಬಾಳುವ ಗಡಿನಾಡಿನ ಮಕ್ಕಳಿಗೆ ಆ ಭಯ ಎಂಥದೆಂದು ವಿವರಿಸಿ ಹೇಳಬೇಕಾಗಿಲ್ಲ.

ಗಾಂಧಿಯವರ ಹೆಸರಿನ ಅಂಕಗಳು

ಈ ಆಟದಲ್ಲಿ ಹಲವು ಒಗಟುಗಳಿಗೆ ಒಂದಕ್ಕಿಂತ ಹೆಚ್ಚು ಪರಿಹಾರಗಳಿವೆ. ಎದುರಾದ ಯಂತ್ರಮಾನವನನ್ನು ಬಲಪ್ರಯೋಗದಿಂದ ಪುಡಿಮಾಡಿಯೂ ಮುಂದೆ ಸಾಗಬಹುದು. ತುಸು ಹೆಚ್ಚು ಯೋಚಿಸಿ, ಹಾನಿಯಿಲ್ಲದೆ ಅದನ್ನು ನಿಷ್ಕ್ರಿಯಗೊಳಿಸಿಯೂ ಸಾಗಬಹುದು. ಎರಡರಲ್ಲಿಯೂ ಕಥೆ ಮುಂದುವರಿಯುತ್ತದೆ. ಆದರೆ ಕೊನೆಯ ಅಂಕಪಟ್ಟಿಯಲ್ಲಿ ಅಹಿಂಸೆಯ ದಾರಿ ಹಿಡಿದವರಿಗೆ ವಿಶೇಷ ಅಂಕಗಳು ದೊರೆಯುತ್ತವೆ. ಆ ಅಂಕಗಳಿಗೆ ಆಟವನ್ನು ರಚಿಸಿದವರು ಇಟ್ಟ ಹೆಸರು ‘ಗಾಂಧಿ’.

1990ರ ದಶಕದ ಆರಂಭವು ಗುಂಡು ಹಾರಿಸುವ ಆಟಗಳು ಮನೆಮಾತಾಗುತ್ತಿದ್ದ ಕಾಲ. ‘ಡೂಮ್’ ಎಂಬ ಹೆಸರಾಂತ ಗುಂಡಿನ ಆಟ ಹೊರಬಂದದ್ದೂ ಅದೇ 1993ರಲ್ಲಿ. ಅಂಥ ಹೊತ್ತಿನಲ್ಲಿ ದೂರದ ಕ್ಯಾಲಿಫೋರ್ನಿಯಾದ ಯುವಕರು ಹಿಂಸೆಯಿಲ್ಲದ ಗೆಲುವಿಗೆ ಹೆಚ್ಚಿನ ಬೆಲೆ ಕಟ್ಟಿ, ಅದಕ್ಕೆ ನಮ್ಮ ದೇಶದ ಹಿರಿಯರ ಹೆಸರಿಟ್ಟದ್ದು ಗಮನಿಸತಕ್ಕ ಸಂಗತಿ. ಅಹಿಂಸೆಯು ದುರ್ಬಲರ ದಾರಿಯಲ್ಲ, ಹೆಚ್ಚು ಬುದ್ಧಿಯನ್ನೂ ತಾಳ್ಮೆಯನ್ನೂ ಬೇಡುವ ದಾರಿ ಎಂಬುದನ್ನು ಪಾಠ ಹೇಳದೆ, ಆಡಿಸಿಯೇ ತೋರಿಸುವ ಉಪಾಯವಿದು.

ಅಂದಿನ ಯಂತ್ರ, ಅಂದಿನ ಮಿತಿ

ಮೂಲ ಆಟವು ಮೊದಲು ಆಪಲ್ ಸಂಸ್ಥೆಯ ಮ್ಯಾಕಿಂತೋಷ್ ಕಂಪ್ಯೂಟರಿಗೆ ಬಂದು, ಬಳಿಕ ವಿಂಡೋಸ್‌ಗೂ ಬಂತು. ಅದು ಸಿ.ಡಿ.ಯಲ್ಲಿ ಬಂದ ಮೊದಮೊದಲ ಸಾಹಸದ ಆಟಗಳಲ್ಲೊಂದು. ಅಲ್ಲಿಯವರೆಗೆ ಆಟಗಳು ಫ್ಲಾಪಿಯಲ್ಲಿ ಬರುತ್ತಿದ್ದವು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್. ಒಂದು ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್. ಎಂದರೆ ನಾನೂರೈವತ್ತು ಫ್ಲಾಪಿಗಳ ಸರಕು ಒಂದೇ ತಟ್ಟೆಯಲ್ಲಿ. ಕೈಯಿಂದ ಬರೆದ ಸಣ್ಣ ಚಿತ್ರಗಳ ಬದಲು, ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿ, ಬೆಳಕು ನೆರಳು ಕೂಡಿಸಿ ತೆಗೆದ ಚಿತ್ರಗಳನ್ನು ಆಟದಲ್ಲಿ ತುಂಬಲು ಸಾಧ್ಯವಾದದ್ದು ಹೀಗೆ.

ಜಾಗವೇನೋ ದೊರೆಯಿತು, ವೇಗ ದೊರೆಯಲಿಲ್ಲ. ಮೊದಲ ತಲೆಮಾರಿನ ಸಿ.ಡಿ. ಡ್ರೈವ್ ಸೆಕೆಂಡಿಗೆ ಓದುತ್ತಿದ್ದುದು 150 ಕಿಲೋಬೈಟ್ ಮಾತ್ರ. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳ, 256 ಬಣ್ಣಗಳ ಒಂದು ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಅದು ಸುಮಾರು 300 ಕಿಲೋಬೈಟ್. ಗಣಿತ ಬಲ್ಲ ಮಕ್ಕಳು ಲೆಕ್ಕ ಹಾಕಲಿ: ಇಡೀ ಪರದೆಯ ಒಂದು ಚಿತ್ರ ಬರಲು ಎರಡು ಸೆಕೆಂಡು. ಕಣ್ಣಿಗೆ ಚಲನೆಯೆಂದು ತೋರಬೇಕಾದರೆ ಒಂದು ಸೆಕೆಂಡಿನಲ್ಲಿ ಹತ್ತಕ್ಕಿಂತ ಹೆಚ್ಚು ಚಿತ್ರಗಳು ಹಾಯಬೇಕು. ಹೀಗಾಗಿ ಆಟದ ದೃಶ್ಯಕ್ಕೆ ಪರದೆಯ ನಡುವೆ ಒಂದು ಚಿಕ್ಕ ಕಿಟಕಿ ಮಾತ್ರ. ನಡೆಯುವಾಗಲೂ ನಡೆಯುವಂತೆ ಕಾಣುತ್ತಿರಲಿಲ್ಲ. ಒಂದು ಚಿತ್ರ ಹೋಗಿ ಇನ್ನೊಂದು ಚಿತ್ರ ಬರುತ್ತಿತ್ತು, ನಡುವೆ ಕಾಯಬೇಕಾಗಿತ್ತು. ಆಟ ತೀರ ನಿಧಾನವೆಂಬ ದೂರು ಬಂದಾಗ, 1994ರಲ್ಲಿ ‘ಟರ್ಬೊ’ ಎಂಬ ಹೆಸರಿನಲ್ಲಿ ವೇಗ ಹೆಚ್ಚಿಸಿದ ಆವೃತ್ತಿಯನ್ನು ತರಲಾಯಿತು.

1995ರಲ್ಲಿ ಎರಡನೆಯ ಭಾಗ ‘ಬರೀಡ್ ಇನ್ ಟೈಮ್’ ಹೊರಬಂತು. ಚಿತ್ರ, ನಟನೆ, ಕಥೆಯ ವಿಸ್ತಾರ ಎಲ್ಲದರಲ್ಲಿಯೂ ಅದು ಮೊದಲನೆಯದನ್ನು ಮೀರಿಸಿತು. ತಮ್ಮ ಬೆಳೆದು ನಿಂತಾಗ ಅಣ್ಣ ಗಿಡ್ಡನಾಗಿ ಕಾಣುವಂತೆ, ಎರಡೇ ವರ್ಷಗಳಲ್ಲಿ ಮೊದಲ ಆಟ ಹಳತಾಗಿ ಕಾಣತೊಡಗಿತು. ಕಂಪ್ಯೂಟರಿನ ಲೋಕದಲ್ಲಿ ಮುಪ್ಪು ಎಷ್ಟು ಬೇಗ ಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಮರುನಿರ್ಮಾಣದಲ್ಲಿ ಏನು ಬದಲಾಯಿತು?

‘ಪೆಗಾಸಸ್ ಪ್ರೈಮ್’ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಕಥೆ ಅದೇ, ಕಾಲಘಟ್ಟಗಳು ಅವೇ, ಗಾಂಧಿಯವರ ಹೆಸರಿನ ಅಂಕಗಳೂ ಅವೇ. ಆದರೆ ಪ್ರತಿಯೊಂದು ಕೋಣೆಯನ್ನೂ ಓಣಿಯನ್ನೂ ಹೊಸದಾಗಿ ಕಟ್ಟಿ ಚಿತ್ರಿಸಲಾಯಿತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ನಿಜವಾಗಿ ನಡೆದುಹೋಗುವಂತೆ ಚಲನೆಯನ್ನು ಕೂಡಿಸಲಾಯಿತು. ನಟರಿಂದ ದೃಶ್ಯಗಳನ್ನು ಮಾಡಿಸಲಾಯಿತು, ಒಗಟುಗಳನ್ನು ತಿದ್ದಿ ಹೊಸವನ್ನು ಸೇರಿಸಲಾಯಿತು. ಎರಡನೆಯ ಭಾಗದೊಡನೆ ಹೊಂದುವಂತೆ ನೋಟವನ್ನೂ ವಿವರಗಳನ್ನೂ ಸರಿಪಡಿಸಲಾಯಿತು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಒಂದು ‘ರೀಮೇಕ್’, ಎಂದರೆ ಮರುನಿರ್ಮಾಣ. ಹಳೆಯ ಮನೆಯನ್ನು ಕೆಡವಿ, ಅದೇ ನಿವೇಶನದಲ್ಲಿ, ಅದೇ ವಾಸ್ತುವಿನಲ್ಲಿ ಹೊಸ ಮನೆ ಕಟ್ಟಿದಂತೆ. ಇನ್ನೊಂದು ‘ರೀಮಾಸ್ಟರ್’, ಎಂದರೆ ಮರುಸಂಸ್ಕರಣೆ. ಹಳೆಯ ಮನೆಯ ಗೋಡೆಗಳನ್ನು ಉಳಿಸಿಕೊಂಡೇ ಸುಣ್ಣಬಣ್ಣ ಬಳಿದು ಹಂಚು ಬದಲಿಸಿದಂತೆ.

ಎರಡನೆಯದಕ್ಕೆ ಉದಾಹರಣೆಯೂ ಕಾಲಯಾನದ ಆಟವೇ. 1993ರಲ್ಲಿಯೇ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆ ‘ಡೇ ಆಫ್ ದಿ ಟೆಂಟಕಲ್’ ಎಂಬ ವಿನೋದದ ಆಟವನ್ನು ಹೊರತಂದಿತ್ತು. ಅದರಲ್ಲಿ ಮೂವರು ಗೆಳೆಯರು ಮೂರು ಕಾಲಗಳಿಗೆ ಹಂಚಿಹೋಗುತ್ತಾರೆ. ಒಬ್ಬ 200 ವರ್ಷ ಹಿಂದೆ, ಒಬ್ಬಳು 200 ವರ್ಷ ಮುಂದೆ, ಇನ್ನೊಬ್ಬ ಇಂದು. ಮುಂದಿನ ಕಾಲದಲ್ಲಿ ಮರವೊಂದಕ್ಕೆ ಸಿಕ್ಕಿಕೊಂಡವಳನ್ನು ಬಿಡಿಸಬೇಕಾದರೆ, ಹಿಂದಿನ ಕಾಲದಲ್ಲಿರುವವನು ಆ ಮರವನ್ನು ಆಗಲೇ ಕಡಿಸಬೇಕು. ಕಾರ್ಯಕಾರಣ ಸಂಬಂಧವನ್ನು ನಗಿಸುತ್ತಲೇ ಕಲಿಸುವ ಈ ಆಟದ ಮರುಸಂಸ್ಕರಿಸಿದ ಆವೃತ್ತಿ 2016ರಲ್ಲಿ ಬಂತು. ಒಗಟು, ಮಾತು, ನಡೆ ಎಲ್ಲವೂ ಹಳೆಯವೇ, ಚಿತ್ರ ಮತ್ತು ಧ್ವನಿ ಮಾತ್ರ ತಿಳಿ. ಒಂದು ಕೀಲಿಯನ್ನೊತ್ತಿದರೆ ಹೊಸ ಚಿತ್ರ ಸರಿದು 1993ರ ಚಿತ್ರ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಹೊಸದು. ಹಳತನ್ನೂ ಹೊಸತನ್ನೂ ಹೀಗೆ ಒಂದರ ಪಕ್ಕ ಒಂದಿಟ್ಟು ತೋರಿಸುವ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮರುನಿರ್ಮಾಣದಿಂದ ಹೊಸ ಆಟಗಾರರಿಗೆ ಕಥೆ ಹತ್ತಿರವಾಗುತ್ತದೆ. ಆದರೆ 1993ರ ಯುವಕರು ಚಿಕ್ಕ ಕಿಟಕಿಯೊಳಗೆ, ಕುಂಟುವ ಯಂತ್ರದ ಮೇಲೆ ಏನನ್ನು ಸಾಧಿಸಿದರೆಂಬುದು ಮೂಲದಲ್ಲಿ ಮಾತ್ರ ಕಾಣುತ್ತದೆ. ಹೊಸಗನ್ನಡದ ಗದ್ಯಾನುವಾದ ಬಂತೆಂದು ಹಳಗನ್ನಡದ ಕಾವ್ಯವನ್ನು ಯಾರೂ ಎಸೆಯುವುದಿಲ್ಲ. ಒಂದು ಇನ್ನೊಂದರ ಬಾಗಿಲಾಗಬೇಕು.

ಹೊಸದೂ ಕಾಣೆಯಾದ ಬಗೆ

ಇಷ್ಟು ಶ್ರಮದಿಂದ ಮತ್ತೆ ಕಟ್ಟಿದ ಆಟಕ್ಕೆ ಅದೃಷ್ಟ ಕೈಕೊಟ್ಟಿತು. ‘ಪೆಗಾಸಸ್ ಪ್ರೈಮ್’ ಬಂದದ್ದು ಮ್ಯಾಕಿಂತೋಷಿಗೆ, ಜಪಾನಿನಲ್ಲಿ ಪ್ಲೇಸ್ಟೇಷನ್ನಿಗೆ, ಮತ್ತು ಬಂಡಾಯ್ ಸಂಸ್ಥೆ ಮಾರುತ್ತಿದ್ದ ಪಿಪಿನ್ ಎಂಬ, ಬೇಗನೆ ನಿಂತುಹೋದ ಯಂತ್ರಕ್ಕೆ. ಜಗತ್ತಿನ ಬಹುಪಾಲು ಮನೆಗಳಲ್ಲಿದ್ದ ವಿಂಡೋಸ್ ಕಂಪ್ಯೂಟರಿಗೆ ಅದು ಆಗ ಬರಲೇ ಇಲ್ಲ. ಮೂಲ ಆಟವನ್ನು ವಿಂಡೋಸಿನಲ್ಲಿ ಆಡಿ ಮೆಚ್ಚಿದ್ದವರಲ್ಲಿ ಅನೇಕರು ಅದರ ಹೊಸ ರೂಪವನ್ನು ಕಣ್ಣಿನಿಂದಲೂ ಕಾಣಲಿಲ್ಲ.

ಮ್ಯಾಕಿಂತೋಷ್ ಇದ್ದವರ ಪಾಡೂ ಹೆಚ್ಚು ಕಾಲ ಸುಖವಾಗಿರಲಿಲ್ಲ. 2006ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳ ಮಿದುಳನ್ನೇ ಬದಲಿಸಿತು, ಪವರ್‌ಪಿಸಿ ಚಿಪ್ಪಿನ ಜಾಗಕ್ಕೆ ಇಂಟೆಲ್ ಚಿಪ್ಪು ಬಂತು. ಹಳೆಯ ತಂತ್ರಾಂಶಗಳನ್ನು ನಡೆಸಲು ಇದ್ದ ಏರ್ಪಾಡು ಹೊಸ ಯಂತ್ರಗಳಲ್ಲಿ ಇರಲಿಲ್ಲ. ತಟ್ಟೆ ಕೈಯಲ್ಲಿದೆ, ಅದರ ಮೇಲೆ ಒಂದು ಗೀರೂ ಬಿದ್ದಿಲ್ಲ, ಆದರೂ ಆಟ ತೆರೆಯುವುದಿಲ್ಲ. ಬೀಗದ ಕೈ ಇದ್ದೂ ಬಾಗಿಲೇ ಬೇರೆಯಾದ ಸ್ಥಿತಿ. ಈ ನಡುವೆ ಪ್ರೆಸ್ಟೊ ಸ್ಟುಡಿಯೋಸ್ 1998ರಲ್ಲಿ ಸರಣಿಯ ಮೂರನೆಯ ಭಾಗವನ್ನೂ, 2001ರಲ್ಲಿ ಹೆಸರಾಂತ ‘ಮಿಸ್ಟ್’ ಸರಣಿಯ ಮೂರನೆಯ ಆಟವನ್ನೂ ಮಾಡಿ, 2002ರಲ್ಲಿ ಬಾಗಿಲು ಮುಚ್ಚಿತು. ಚರಿತ್ರೆಯನ್ನು ಕಾಯುವ ಕಥೆ ಹೇಳಿದ ಆಟವನ್ನು ಕಾಯುವವರೇ ಇಲ್ಲವಾದರು.

ಸ್ವಯಂಸೇವಕರ ಕೈಗೆ

ಅದನ್ನು ಉಳಿಸಿದವರು ‘ಸ್ಕಮ್‌ವಿಎಂ’ ಎಂಬ ಮುಕ್ತ ತಂತ್ರಾಂಶದ ಸ್ವಯಂಸೇವಕರು. 2001ರಲ್ಲಿ ಆರಂಭವಾದ ಈ ಯೋಜನೆಯ ಕೆಲಸವೆಂದರೆ, ಹಳೆಯ ಸಾಹಸದ ಆಟಗಳು ಇಂದಿನ ಯಂತ್ರಗಳಲ್ಲಿ ನಡೆಯುವಂತೆ ಮಾಡುವುದು. ಆಟದ ಚಿತ್ರ, ಧ್ವನಿ, ಮಾತು ಎಲ್ಲವೂ ಮೂಲ ತಟ್ಟೆಯಲ್ಲಿರುವಂತೆಯೇ ಇರುತ್ತವೆ. ಅವನ್ನು ಓದಿ ನಡೆಸುವ ಭಾಗವನ್ನು ಮಾತ್ರ ಹೊಸದಾಗಿ ಬರೆಯಲಾಗುತ್ತದೆ.

ಇದೇಕೆ ಕಷ್ಟ? ಮಾರಾಟಕ್ಕೆ ಬರುವ ತಂತ್ರಾಂಶವು ಬೆಂದ ಹೋಳಿಗೆಯಂತೆ. ತಿಂದು ರುಚಿ ನೋಡಬಹುದು. ಹೂರಣಕ್ಕೆ ಎಷ್ಟು ಬೇಳೆ, ಎಷ್ಟು ಬೆಲ್ಲ, ಎಷ್ಟು ಏಲಕ್ಕಿ ಎಂದು ಮಾಡಿದವರನ್ನೇ ಕೇಳಬೇಕು. ಆ ಪಾಕದ ಬರಹವೇ ‘ಸೋರ್ಸ್ ಕೋಡ್’, ಎಂದರೆ ಮೂಲ ಸಂಕೇತ. ಅದು ಸಿಗದಿದ್ದಾಗ ಸ್ವಯಂಸೇವಕರು ಬೆಂದ ಹೋಳಿಗೆಯನ್ನು ಬಿಡಿಸಿ ಬಿಡಿಸಿ ಪಾಕವನ್ನು ಊಹಿಸಬೇಕಾಗುತ್ತದೆ, ಅದಕ್ಕೆ ವರ್ಷಗಳೇ ಹಿಡಿಯುವುದುಂಟು. ‘ಪೆಗಾಸಸ್ ಪ್ರೈಮ್’ ವಿಷಯದಲ್ಲಿ ಭಾಗ್ಯವೊಂದಿತ್ತು. ಸಂಸ್ಥೆ ಮುಚ್ಚಿದ್ದರೂ 1995ರಿಂದ 1997ರವರೆಗೆ ಬರೆದ ಮೂಲ ಸಂಕೇತ ಉಳಿದಿತ್ತು, ಅದು ಸ್ವಯಂಸೇವಕರ ಕೈಸೇರಿತು. ಅದನ್ನು ಆಧರಿಸಿ ಕೆಲಸ ನಡೆದು, 2013ರ ಸ್ಕಮ್‌ವಿಎಂ ಆವೃತ್ತಿಯಲ್ಲಿ ಈ ಆಟಕ್ಕೂ ಜಾಗ ದೊರೆಯಿತು. 2014ರಲ್ಲಿ ಅದು ಜಿಒಜಿ ಎಂಬ ಜಾಲ ಮಳಿಗೆಯ ಮೂಲಕ ಮಾರಾಟಕ್ಕೂ ಬಂತು. ವಿಂಡೋಸ್ ಇರುವವರು ಹದಿನೇಳು ವರ್ಷ ತಡವಾಗಿ ಅದನ್ನು ಆಡಿದರು.

ಕಥೆಯೊಳಗಿನ ಉಪಾಯವೂ ಕಥೆಯ ಹೊರಗಿನ ಉಪಾಯವೂ ಇಲ್ಲಿ ಒಂದೇ ಆಗಿರುವುದನ್ನು ಓದುಗರು ಗಮನಿಸಿರಬೇಕು. ಒಂದು ಶುದ್ಧ ಪ್ರತಿಯನ್ನು ಸುರಕ್ಷಿತವಾದ ಜಾಗದಲ್ಲಿಟ್ಟದ್ದರಿಂದ ಕಥೆಯಲ್ಲಿ ಲೋಕ ಉಳಿಯಿತು. ಯಾರೋ ಮೂಲವನ್ನು ಎಸೆಯದೆ ಇಟ್ಟದ್ದರಿಂದ ಆಟ ಉಳಿಯಿತು. ಓಲೆಗರಿ ಜೀರ್ಣವಾಗುವ ಮೊದಲೇ ಹೊಸ ಗರಿಗೆ ಪ್ರತಿಮಾಡುತ್ತಿದ್ದ ನಮ್ಮ ಲಿಪಿಕಾರರು ನಡೆಸಿಕೊಂಡು ಬಂದದ್ದೂ ಈ ಕಾಯಕವನ್ನೇ.

ನಮ್ಮ ಕಪಾಟುಗಳಲ್ಲಿ ಏನಿದೆ?

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ವಾರ್ಷಿಕ ಸಂಚಿಕೆ, ಬೆಳ್ಳಿಹಬ್ಬದ ಅಥವಾ ಶತಮಾನೋತ್ಸವದ ಸ್ಮರಣಸಂಚಿಕೆ ತರುವ ವಾಡಿಕೆಯಿದೆ. ಶಾಲೆ ಯಾವಾಗ ಹುಟ್ಟಿತು, ಜಾಗ ಕೊಟ್ಟವರು ಯಾರು, ಮೊದಲ ಮೇಷ್ಟ್ರು ಯಾರು, ಯಾವ ವರ್ಷ ಎಷ್ಟು ಮಕ್ಕಳಿದ್ದರು ಎಂಬ ವಿವರಗಳು ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ಕನ್ನಡದಲ್ಲಿ ಸಿಗದಿರುವುದುಂಟು. ಶಾಲೆಯ ಮಾಧ್ಯಮದ ಪ್ರಶ್ನೆ ಎದ್ದಾಗ, ವಿಲೀನದ ಮಾತು ಬಂದಾಗ, ನಮ್ಮ ಹಿರಿಯರು ಇಲ್ಲಿ ಕನ್ನಡದಲ್ಲಿ ಓದಿದ್ದರೆಂದು ತೋರಿಸಲು ಕೈಗೆ ಬರುವ ದಾಖಲೆಯೂ ಅದೇ.

ಕಳೆದ ಎರಡು ಮೂರು ದಶಕಗಳ ಸಂಚಿಕೆಗಳು ಡಿ.ಟಿ.ಪಿ. ಅಂಗಡಿಗಳಲ್ಲಿ, ಪೇಜ್‌ಮೇಕರಿನಂಥ ತಂತ್ರಾಂಶದಲ್ಲಿ, ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಆ ಫಾಂಟುಗಳ ಗುಟ್ಟೆಂದರೆ, ಆಂಗ್ಲ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದು. ಫಾಂಟು ಇರುವವರೆಗೆ ಪರದೆಯ ಮೇಲೆ ಕನ್ನಡ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಆಂಗ್ಲ ಚಿಹ್ನೆಗಳ ರಾಶಿ. ಕಡತ ಕೆಟ್ಟಿಲ್ಲ, ಓದುವ ಬಾಗಿಲು ಕೆಟ್ಟಿದೆ. ಪವರ್‌ಪಿಸಿ ಇಲ್ಲದ ಮ್ಯಾಕಿಂತೋಷಿನಲ್ಲಿ ‘ಪೆಗಾಸಸ್ ಪ್ರೈಮ್’ ತಟ್ಟೆಗೆ ಆದದ್ದೂ ಇದೇ.

ಇದಕ್ಕೆ ಮದ್ದು ಯುನಿಕೋಡ್. ಅದರಲ್ಲಿ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಕಾದಿರಿಸಲಾಗಿದೆ. ‘ಅ’ ಅಕ್ಷರಕ್ಕೆ 3205, ‘ಕ’ ಅಕ್ಷರಕ್ಕೆ 3221. ಯಾವ ಯಂತ್ರದಲ್ಲಿ ತೆರೆದರೂ ‘ಕ’ ‘ಕ’ವಾಗಿಯೇ ಉಳಿಯುತ್ತದೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳೂ ಅರ್ಕಾವತ್ತೂ ಕೆಲವೆಡೆ ಕಲಸಿಹೋಗಿರುವುದರಿಂದ, ಅಚ್ಚಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಬೇಕು. ಪ್ರೌಢಶಾಲೆಯ ಮಕ್ಕಳು ಇದನ್ನು ಲೀಲಾಜಾಲವಾಗಿ ಮಾಡಬಲ್ಲರು. ಆಟದ ಕಾವಲುಗಾರನ ಮೊದಲ ಕೆಲಸವನ್ನೇ ಅವರು ಮಾಡಿದಂತಾಗುತ್ತದೆ.

ಪರಿವರ್ತಿಸಿದ ಬರಹವನ್ನೂ ಅದರ ಪಿ.ಡಿ.ಎಫ್. ರೂಪವನ್ನೂ ಕನಿಷ್ಠ ಎರಡು ಬೇರೆ ಬೇರೆ ಕಡೆ ಇಡಬೇಕು. ಒಂದು ಶಾಲೆಯಲ್ಲಿ, ಇನ್ನೊಂದು ಶಾಲೆಯ ಹೊರಗೆ. ಹಳೆಯ ಕಡತವನ್ನು ಮಾತ್ರ ಅಳಿಸಬಾರದು. ಇಂದು ನಮಗೆ ಕಾಣದ ತಪ್ಪು ನಾಳೆಯವರಿಗೆ ಕಂಡಾಗ ಅವರು ಮರಳಬೇಕಾದದ್ದು ಅದಕ್ಕೇ.

ಆಡಬೇಕೆನ್ನುವವರಿಗೆ

ಸ್ಕಮ್‌ವಿಎಂ ತಂತ್ರಾಂಶವು ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳಲ್ಲದೆ ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಅದು ನಡೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಪಾಠ ಕಲಿಯುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮುಕ್ತ ತಂತ್ರಾಂಶವೆಂಬ ಮಾತು ಹೊಸದಲ್ಲ. ತಂತ್ರಾಂಶ ಉಚಿತವಾದರೂ ‘ಪೆಗಾಸಸ್ ಪ್ರೈಮ್’ ಆಟವನ್ನು ಹಣ ಕೊಟ್ಟು ಕೊಳ್ಳಬೇಕು. ಅದನ್ನು ಕದ್ದು ಇಳಿಸಿಕೊಳ್ಳುವುದು ಸರಿಯಲ್ಲ.

ಆಟದ ಮಾತೂ ಬರಹವೂ ಆಂಗ್ಲದಲ್ಲಿವೆ. ಆದ್ದರಿಂದ ಎಂಟನೆಯ ತರಗತಿಗಿಂತ ಕೆಳಗಿನ ಮಕ್ಕಳು ಹಿರಿಯರ ಜೊತೆಯಲ್ಲಿ ಆಡುವುದು ಒಳ್ಳೆಯದು. ಒಬ್ಬರು ಓದಿ ಕನ್ನಡದಲ್ಲಿ ಹೇಳಲಿ, ಇನ್ನೊಬ್ಬರು ಸುಳುಹುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಮಗು ಯಂತ್ರಮಾನವನನ್ನು ಒಡೆದು ಗೆದ್ದರೆ ಗದರಿಸಬೇಕಾಗಿಲ್ಲ. ಅಂಕಪಟ್ಟಿಯನ್ನು ತೋರಿಸಿ, ಒಡೆಯದೆ ಗೆಲ್ಲುವ ದಾರಿ ಇದೆಯೇ ನೋಡೋಣ ಎಂದರೆ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಆಡಿದರೂ ಕಥೆ ಕೆಡುವುದಿಲ್ಲ, ಆಟವನ್ನು ನಿಲ್ಲಿಸಿದ ಜಾಗದಲ್ಲಿಯೇ ಉಳಿಸಿಟ್ಟು ಮರುದಿನ ಮುಂದುವರಿಸಬಹುದು.

ಈ ಬೇಸಿಗೆಯ ರಜೆಯಲ್ಲಿ ಆಟ ಆಡುವ ಮನೆಗಳಿಗೆ ನಮ್ಮದೊಂದು ಕೋರಿಕೆ. ಆಟ ಮುಗಿದ ಮೇಲೆ ಮನೆಯ ಅಟ್ಟದಲ್ಲಿಯೋ ಶಾಲೆಯ ಕಪಾಟಿನಲ್ಲಿಯೋ ಇರುವ ಒಂದು ಹಳೆಯ ಸಂಚಿಕೆಯನ್ನು ಕೈಗೆತ್ತಿಕೊಳ್ಳಿರಿ. ಅದರ ಕಡತ ಯಾವ ಅಂಗಡಿಯವರ ಬಳಿ, ಯಾವ ಸಿ.ಡಿ.ಯಲ್ಲಿ ಉಳಿದಿದೆ ಎಂದು ವಿಚಾರಿಸಿರಿ. ಸಿಕ್ಕಿದರೆ ಪರಿವರ್ತಿಸಿರಿ. ಸಿಗದಿದ್ದರೆ ಮಕ್ಕಳು ದಿನಕ್ಕೊಂದು ಪುಟದಂತೆ ಯುನಿಕೋಡಿನಲ್ಲಿ ಬೆರಳಚ್ಚು ಮಾಡಲಿ. ಮೊದಲ ಮೇಷ್ಟ್ರ ಹೆಸರಿರುವ ಪುಟದಿಂದಲೇ ಆರಂಭಿಸಬಹುದು.